ಗೋಲ್‌ಕೀಪರನ ತಾಯಿಗೆ ಕಾಮೆಂಟರಿ

ಕೆಂಟನ್

ನನ್ನ ದನಿ ದೊಡ್ಡದು. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಏಕೆಂದರೆ ಲಂಡನ್ನಿನಲ್ಲಿ ನನಗಾದ ಫಜೀತಿಗಳಿಗೂ ಸಿಕ್ಕ ಸ್ನೇಹಕ್ಕೂ ಅದೇ ಕಾರಣ. ಬೈಲಹೊಂಗಲದ ಹೈಸ್ಕೂಲಿನಲ್ಲಿ ಮಾಸ್ತರಿಕೆ ಮಾಡಿ ನಿವೃತ್ತನಾದವನು ನಾನು. ಆದರೆ ಸುತ್ತಲಿನ ಹಳ್ಳಿಗಳಲ್ಲಿ ಯಾರೂ ನನ್ನನ್ನು ಮಾಸ್ತರನೆಂದು ಗುರುತಿಸುವುದಿಲ್ಲ. ಕಬಡ್ಡಿ ಪಂದ್ಯಗಳಲ್ಲಿ ಮೈಕು ಹಿಡಿದು ಕಾಮೆಂಟರಿ ಹೇಳುವ ಬಸವರಾಜ ಎಂದೇ ಗುರುತಿಸುತ್ತಾರೆ. ಮೈಕು ಕೆಟ್ಟರೂ ಪಂದ್ಯ ನಿಲ್ಲುವುದಿಲ್ಲ ಎಂಬ ಹೆಸರು ನನಗಿದೆ.

ನನ್ನ ತಂಗಿ ಶೋಭಾ ಲಂಡನ್ನಿನ ಸರಕಾರಿ ಆಸ್ಪತ್ರೆಯಲ್ಲಿ ಡಾಕ್ಟರು. ಅವಳೂ ಅವಳ ಗಂಡ ಪ್ರಕಾಶನೂ ಆ ಊರಿನ ಅಂಚಿನ ಕೆಂಟನ್ನಿನಲ್ಲಿ ಮನೆ ಮಾಡಿಕೊಂಡಿದ್ದಾರೆ. ಪ್ರಕಾಶ ಮೈಸೂರಿನವನು, ಮೆತ್ತಗೆ ಮಾತಾಡುವವನು. ನಾನು ಬಂದ ಮಾರನೆಯ ಬೆಳಿಗ್ಗೆ ಹಿತ್ತಲಿನಲ್ಲಿ ನಿಂತು ಊರಿಗೆ ಫೋನು ಮಾಡಿದೆ. ಮಾತು ಮುಗಿಸಿ ಒಳಗೆ ಬರುವಷ್ಟರಲ್ಲಿ ಪಕ್ಕದ ಮನೆಯ ಆಂಗ್ಲ ಮುದುಕ ಬಾಗಿಲಲ್ಲಿ ನಿಂತಿದ್ದ. ಮನೆಯಲ್ಲಿ ಎಲ್ಲ ಕ್ಷೇಮವೇ ಎಂದು ಬಹಳ ಕಳಕಳಿಯಿಂದ ಕೇಳಿ ಹೋದ. ಎಂಥ ಒಳ್ಳೆಯ ಮನುಷ್ಯ, ನೆರೆಮನೆಯವರ ಬಗ್ಗೆ ಎಷ್ಟು ಕಾಳಜಿ ಎಂದು ನಾನು ಮೆಚ್ಚಿಕೊಂಡೆ. ಇಲ್ಲಿ ಕ್ಷೇಮ ಕೇಳಿದರೆ ದನಿ ತಗ್ಗಿಸಿ ಎಂದರ್ಥ ಎಂದು ಪ್ರಕಾಶ ನಾಚುತ್ತ ವಿವರಿಸಿದ. ಶೋಭಾಳಿಗೆ ನಾಚಿಕೆಯೇನಿಲ್ಲ.

"ಅಣ್ಣಾ, ಕೈಯಾಗ ಫೋನ್ ಐತಿ. ಬೈಲಹೊಂಗಲಕ್ಕ ಇಲ್ಲಿಂದನ ಕೇಳೂವಂಗ ಒದರೂದು ಬ್ಯಾಡ" ಅಂದಳು.

ಅಂದಿನಿಂದ ನಾನು ಹಿತ್ತಲಿನಲ್ಲಿ ಪಿಸುಮಾತಾಡತೊಡಗಿದೆ. ಹುಷಾರಿಲ್ಲವೇನು, ದನಿ ಏಕೆ ಹೀಗಾಗಿದೆ ಎಂದು ಊರಿನಲ್ಲಿ ಹೆಂಡತಿ ಗಾಬರಿಯಾದಳು.

ಎಜ್‌ವೇರ್ ರೋಡ್

ನಮ್ಮ ಊರಿನ ಕಡೆಯವರೊಬ್ಬರು ಎಜ್‌ವೇರ್ ಎಂಬಲ್ಲಿದ್ದಾರೆ. ನಾನು ಬಸ್ಸಿನಲ್ಲಿ ಒಬ್ಬನೇ ಅವರ ಮನೆಗೆ ಹೋಗಬೇಕೆಂದು ನಿಶ್ಚಯವಾಗಿತ್ತು. ಆದರೆ ಕೆಂಟನ್ ಸ್ಟೇಷನ್ನಿನ ನಕಾಶೆಯಲ್ಲಿ, ಕಂದು ಗೆರೆಯ ಮೇಲೆ, ಎಜ್‌ವೇರ್ ಎಂಬ ಹೆಸರು ಕಣ್ಣಿಗೆ ಬಿತ್ತು. ರೈಲು ಇರುವಾಗ ಬಸ್ಸೇಕೆ ಎಂದುಕೊಂಡು ಹತ್ತಿದೆ. ಆ ಹೆಸರಿನ ಬಾಲಕ್ಕೆ ರೋಡ್ ಎಂಬುದೊಂದು ಅಂಟಿಕೊಂಡಿದ್ದನ್ನು ನಾನು ಗಣನೆಗೆ ತೆಗೆದುಕೊಂಡಿರಲಿಲ್ಲ.

ಸ್ಟೇಷನ್ನಿನ ಮೆಟ್ಟಿಲು ಹತ್ತಿ ಮೇಲೆ ಬಂದು ನೋಡಿದರೆ ಅಂಗಡಿಗಳ ಫಲಕಗಳೆಲ್ಲ ಅರಬ್ಬಿಯಲ್ಲಿವೆ. ಖರ್ಜೂರ, ಅತ್ತರು, ಸುಟ್ಟ ರೊಟ್ಟಿಯ ವಾಸನೆ. ಇಂಗ್ಲೆಂಡಿಗೆ ಬಂದವನು ನೆಲದೊಳಗಿನಿಂದಲೇ ಇನ್ನೊಂದು ದೇಶಕ್ಕೆ ದಾಟಿದೆನೇನೋ ಅನ್ನಿಸಿತು. ದಾರಿ ಕೇಳಲೆಂದು ಒಂದು ಚಹದಂಗಡಿಗೆ ಹೊಕ್ಕೆ. ಒಳಗೆ ಟಿ.ವಿ.ಯಲ್ಲಿ ಫುಟ್‌ಬಾಲು. ಇಪ್ಪತ್ತು ಮಂದಿ ಗಂಡಸರು ಗಾಜಿನ ಲೋಟ ಹಿಡಿದು ಅದನ್ನೇ ನೋಡುತ್ತಿದ್ದರು. ಆಡುತ್ತಿದ್ದವು ಕೊಲ್ಲಿ ದೇಶದ ಎರಡು ಕ್ಲಬ್ಬುಗಳು.

ನಮ್ಮ ಕಡೆ ಫುಟ್‌ಬಾಲು ಎಂದರೆ ಇಂಗ್ಲೆಂಡಿನ ಕ್ಲಬ್ಬುಗಳ ಅಂಗಿ ಹಾಕಿಕೊಂಡು ಬೈಕಿನ ಮೇಲೆ ತಿರುಗುವ ಹುಡುಗರು. ಇಲ್ಲಿ ಇಂಗ್ಲೆಂಡಿನ ಎದೆಯ ಮೇಲೆಯೇ ಕೂತವರಿಗೆ ಇಂಗ್ಲೆಂಡಿನ ಆಟ ಬೇಕಿರಲಿಲ್ಲ. ಬಾಗ್ದಾದಿನವನಿಗೆ ಬಾಗ್ದಾದಿನ ಕ್ಲಬ್ಬು, ಕಾಸಾಬ್ಲಾಂಕಾದವನಿಗೆ ಅಲ್ಲಿನದು, ಖಾರ್ಟೂಮಿನವನಿಗೆ ಖಾರ್ಟೂಮಿನದು ಎಂದು ಚಹ ತಂದಿಟ್ಟವನು ವಿವರಿಸಿದ. ಎಣ್ಣೆಯ ದುಡ್ಡಿನಿಂದ ಜಗತ್ತಿನ ಹೆಸರಾಂತ ಆಟಗಾರರನ್ನು ಕೊಳ್ಳುವ ಕ್ಲಬ್ಬುಗಳ ಸುದ್ದಿ ಪೇಪರಿನಲ್ಲಿ ಓದಿದ್ದೆನೇ ಹೊರತು, ಅಪ್ಪ ಮಕ್ಕಳು ಜಗಳಾಡುವ ಇಂಥ ಊರ ಕ್ಲಬ್ಬುಗಳು ಅರಬರಲ್ಲಿವೆ ಎಂದು ನನಗೆ ಗೊತ್ತಿರಲಿಲ್ಲ. ನಮ್ಮಲ್ಲಿ ಒಂದು ಹಳ್ಳಿಯ ಕಬಡ್ಡಿ ತಂಡ ಸೋತರೆ ಪಕ್ಕದ ಹಳ್ಳಿಗೆ ಹೆಣ್ಣು ಕೊಡುವ ಮಾತು ಒಂದು ವರ್ಷ ಮುಂದಕ್ಕೆ ಹೋಗುತ್ತದೆ. ಇವರೂ ಅದೇ ಜಾತಿಯವರು.

ಚಹ ಕುಡಿಯುತ್ತ ನನಗರಿವಿಲ್ಲದೆ ಬಾಯಿ ಶುರುವಾಯಿತು. ಮೊದಲು ಮೆತ್ತಗೆ, ಆಮೇಲೆ ಮಾಮೂಲಿನಂತೆ. ಕನ್ನಡದಲ್ಲಿ ಕಾಮೆಂಟರಿ ಹೇಳುತ್ತಿದ್ದೇನೆಂದು ಗೊತ್ತಾದದ್ದು ಪಕ್ಕದ ಮೇಜಿನವರು ತಿರುಗಿ ಕೂತಾಗ. ಇನ್ನೇನು, ಇವರೂ ಕ್ಷೇಮ ಕೇಳುತ್ತಾರೆ ಅಂದುಕೊಂಡೆ. ಅಂಗಡಿಯವನು ಎದ್ದು ಬಂದು ಟಿ.ವಿ.ಯ ದನಿಯನ್ನು ಕಡಿಮೆ ಮಾಡಿ, ಮುಂದುವರಿಸಿ ಎಂದು ಕೈ ಮಾಡಿದ. ಹೊಟ್ಟೆ ತುಂಬ ಹೇಳಿದೆ.

ಶೋಭಾ ಫೋನು ಮಾಡಿ ಎಲ್ಲಿದ್ದೀ ಎಂದು ಕೇಳಿದಾಗ ಫಲಕ ನೋಡಿ ಓದಿದೆ.

"ಹುಬ್ಬಳ್ಳಿಗೆ ಹೋಗು ಅಂದ್ರ ಹುಬ್ಬಳ್ಳಿ ರೋಡಿನ್ಯಾಗ ಇಳದಿಯಲ್ಲೋ ಅಣ್ಣಾ" ಅಂದಳು.

ಕೊಲಿಂಡೇಲ್

ರಾತ್ರಿ ಊಟಕ್ಕೆ ಕೂತಾಗ ನನ್ನ ಪರಾಕ್ರಮ ಕೇಳಿ ಶೋಭಾ ತನ್ನ ಆಸ್ಪತ್ರೆಯ ಗೆಳತಿ ಅಮೀರಾಳ ಕಥೆ ಹೇಳಿದಳು. ಅಮೀರಾ ಟ್ಯುನೀಸಿಯಾದವಳು. ಅವಳ ಅಣ್ಣ ವಲೀದ ಅಲ್ಲಿನ ಕರಾವಳಿಯ ಊರೊಂದರ ಕ್ಲಬ್ಬಿಗೆ ಗೋಲ್‌ಕೀಪರು. ಅರಬ್ ದೇಶಗಳ ಕ್ಲಬ್ಬುಗಳ ನಡುವಿನ ಕಪ್ಪಿನಲ್ಲಿ ಆ ಸಣ್ಣ ಕ್ಲಬ್ಬು ಹೇಗೋ ಫೈನಲ್ಲಿಗೆ ಬಂದಿತ್ತು. ಎದುರಾಳಿ ಕೈರೋದ ಭಾರೀ ಕ್ಲಬ್ಬು. ವಲೀದನಿಗೆ ವಯಸ್ಸಾಯಿತು, ಭುಜ ನೋವು ಬೇರೆ. ಇದೇ ಅವನ ಕೊನೆಯ ಆಟ. ತಾಯಿಗೆ ಫೋನು ಮಾಡಿ ಒಂದೇ ಒಂದು ಬೇಡಿಕೆ ಇಟ್ಟಿದ್ದನಂತೆ. ಇದೊಂದು ಸಲ ನಾನು ಆಡುವುದನ್ನು ನೋಡಮ್ಮ ಎಂದು.

ತಾಯಿ ನೋಡುವುದಿಲ್ಲ. ಅವನು ಹತ್ತೊಂಬತ್ತರ ಹುಡುಗನಾಗಿದ್ದಾಗ ಒಮ್ಮೆ ಸ್ಟೇಡಿಯಮ್ಮಿಗೆ ಹೋಗಿ ನೋಡಿದ್ದಳು. ಅಂದು ಚೆಂಡು ಅವನ ಕಾಲ ಸಂದಿನಲ್ಲೇ ನುಸುಳಿ ಗೋಲಾಯಿತು. ಸ್ಟೇಡಿಯಮ್ಮಿಗೆ ಸ್ಟೇಡಿಯಮ್ಮೇ ಎದ್ದು ನಿಂತು ಗೋಲ್‌ಕೀಪರನ ತಾಯಿಯನ್ನು ಬೈಯಿತು. ಬೈಸಿಕೊಂಡ ತಾಯಿ ಅವರ ನಡುವೆಯೇ ಕೂತಿದ್ದಳು. ಬೈಗುಳ ಅವಳಿಗೆ ನಾಟಲಿಲ್ಲ, ನಾಟಿದ್ದು ಬೇರೆ. ತಾನು ಮಗನನ್ನು ಕಣ್ತುಂಬ ನೋಡಿದ್ದಕ್ಕೇ ಹೀಗಾಯಿತು, ತನ್ನ ಕಣ್ಣೇ ಅವನಿಗೆ ತಾಗಿತು ಎಂದು ಆಕೆ ತೀರ್ಮಾನಿಸಿಬಿಟ್ಟಳು. ಆಮೇಲೆ ಒಂದು ಆಟವನ್ನೂ ನೋಡಿಲ್ಲ.

"ನಮ್ಮವ್ವನೂ ಹಂಗ ಅಂತಿದ್ಲಲ್ಲ, ಹೆತ್ತಕಿ ಕಣ್ಣ ಮೊದಲ ತಾಗತೈತಿ ಅಂತ" ಎಂದಳು ಶೋಭಾ. ನಿಜವೇ. ನಾನು ಕನ್ನಡಿಯ ಮುಂದೆ ನಿಂತು ತಲೆ ಬಾಚಿಕೊಂಡರೆ ಅವ್ವ ಮುಖ ತಿರುಗಿಸಿಕೊಳ್ಳುತ್ತಿದ್ದಳು. ನಾನು ನೋಡಲು ಚೆಂದವಿರಲಿಲ್ಲ ಎಂಬ ಸಂಶಯ ಬಹಳ ವರ್ಷ ನನಗಿತ್ತು.

ಫೈನಲ್ಲಿನ ದಿನ ಆ ಕರಾವಳಿಯ ಊರಿನಲ್ಲಿ ಓಣಿಗೊಂದು ಪರದೆ ಕಟ್ಟುತ್ತಾರೆ, ಕಣ್ಣು ಮುಚ್ಚಿದರೂ ಕಿವಿಗೆ ಬೀಳುತ್ತದೆ ಎಂದು ಹೆದರಿ ತಾಯಿ ಜೊಹ್ರಾ ಲಂಡನ್ನಿಗೆ, ಮಗಳ ಮನೆಗೆ, ಓಡಿ ಬಂದಿದ್ದಳು. ಫೈನಲ್ಲು ಶನಿವಾರ ಸಂಜೆ. ಅಂದು ಆ ಮನೆಗೆ ಬರಲು ನಮಗೆಲ್ಲ ಆಮಂತ್ರಣ ಬಂತು.

ಅಮೀರಾಳ ಮನೆಯಿರುವ ಕೊಲಿಂಡೇಲ್‌ನಲ್ಲಿ ಎಲ್ಲ ಹೊಸ ಕಟ್ಟಡಗಳು, ಎಲ್ಲ ಒಂದೇ ಥರ. ನಾವು ಮೊದಲು ಬೇರೆ ಕಟ್ಟಡದ ಲಿಫ್ಟು ಹತ್ತಿ, ಯಾವುದೋ ಎಳೆಯ ದಂಪತಿಗಳ ಬಾಗಿಲು ತಟ್ಟಿ, ಅವರ ಕೈಯಲ್ಲಿ ಕುಂದಾದ ಡಬ್ಬಿ ಇಟ್ಟು, ಮತ್ತೆ ಇಸಿದುಕೊಂಡು ಬಂದೆವು. ಇಸಿದುಕೊಳ್ಳುವುದು ಬೇಡವೆಂದು ಪ್ರಕಾಶ ಅಂದ. ಬೆಳಗಾವಿಯ ಕುಂದಾ ಅಷ್ಟು ಅಗ್ಗವಾಗಿ ಬಂದಿರಲಿಲ್ಲ.

ಜೊಹ್ರಾ ಗುಂಡು ಮೈಯ, ಹೂವಿನ ತಲೆವಸ್ತ್ರದ ಹೆಂಗಸು. ನಮ್ಮ ಓಣಿಯಲ್ಲಿ ಶಾವಿಗೆ ಹೊಸೆಯುತ್ತ ಕೂತಿದ್ದರೆ ಯಾರೂ ಹೊರಗಿನವಳೆನ್ನುತ್ತಿರಲಿಲ್ಲ. ನನಗೆ ಅರಬ್ಬಿ ಬಾರದು, ಆಕೆಗೆ ಇಂಗ್ಲಿಷ್ ಬಾರದು. ಆಕೆ ಕುರ್ಚಿ ತೋರಿಸಿ ಕುರ್ಸಿ ಅಂದಳು. ನಾನು ಸಿಂಕಿನ ಮೇಲಿನ ಸಾಬೂನು ತೋರಿಸಿ ಸಾಬೂನು ಅಂದೆ. ಆಕೆಯ ಭಾಷೆಯಲ್ಲೂ ಅದು ಸಾಬೂನೇ. ಇಬ್ಬರಿಗೂ ಖುಷಿಯಾಯಿತು. ತೆಳ್ಳನೆಯ ಹಿಟ್ಟಿನ ಹಾಳೆಯೊಳಗೆ ಮೊಟ್ಟೆ ಒಡೆದು, ಮಡಚಿ, ಎಣ್ಣೆಯಲ್ಲಿ ಕರಿಯುವ ತಿಂಡಿ ಮಾಡುತ್ತಿದ್ದಳು. ನಾವು ಮೊಟ್ಟೆ ತಿನ್ನುವವರಲ್ಲ ಎಂದು ಮಗಳಿಂದ ತಿಳಿದು, ನಮಗಾಗಿ ಆಲೂಗಡ್ಡೆ ಬೇಯಿಸಿಟ್ಟಿದ್ದಳು.

ಆಟ ಶುರುವಾಗುವ ಹೊತ್ತಿಗೆ ಆಕೆಯ ಪಟ್ಟು ಇನ್ನೂ ಸಡಿಲವಾಗಿರಲಿಲ್ಲ. ಅಮ್ಮ, ಅಣ್ಣ ಕೇಳಿಕೊಂಡಿದ್ದಾನೆ ಎಂದು ಅಮೀರಾ ಗೋಗರೆದಳು. ಅವನು ಗೆಲ್ಲಬೇಕೋ ನಾನು ನೋಡಬೇಕೋ, ಎರಡರಲ್ಲಿ ಒಂದು ಆರಿಸಿಕೊಳ್ಳಲಿ ಎಂದು ತಾಯಿ ಉತ್ತರಿಸಿದಳು. ಇಬ್ಬರ ಮಾತನ್ನೂ ಅಮೀರಾ ನಮಗೆ ಇಂಗ್ಲಿಷಿನಲ್ಲಿ, ನಮ್ಮದನ್ನು ತಾಯಿಗೆ ಅರಬ್ಬಿಯಲ್ಲಿ ಹೇಳುತ್ತಿದ್ದಳು. ಆದರೆ ಸುದ್ದಿ ಬೇಕು. ಯಾರಾದರೂ ಅಡುಗೆಮನೆಯ ಬಾಗಿಲಲ್ಲಿ ನಿಂತು ಹೇಳುತ್ತಿರಬೇಕು. ಅಮೀರಾಳಿಗೆ ಹೆದರಿಕೆಯಿಂದ ಮಾತೇ ಹೊರಡುತ್ತಿರಲಿಲ್ಲ. ಆಗ ಶೋಭಾ, ನನ್ನ ಅಣ್ಣ ನಮ್ಮ ಜಿಲ್ಲೆಗೇ ಹೆಸರಾದ ಕಾಮೆಂಟೇಟರು ಎಂದು ಹೇಳಿಬಿಟ್ಟಳು. ಭಾಷೆ ತಿಳಿಯದಲ್ಲ ಎಂದು ಅಮೀರಾ ಅನುಮಾನಿಸಿದಳು. ಭಾಷೆ ಬೇಕಿಲ್ಲ, ದನಿಯಲ್ಲಿ ಗೊತ್ತಾಗುತ್ತದೆ ಅಂದಳು ತಾಯಿ. ನನ್ನ ವೃತ್ತಿಯ ಬಗ್ಗೆ ಇಷ್ಟು ಸರಿಯಾದ ಮಾತನ್ನು ಬೈಲಹೊಂಗಲದಲ್ಲೂ ಯಾರೂ ಆಡಿಲ್ಲ.

ಅಡುಗೆಮನೆಯ ಬಾಗಿಲು

ನಿಂತೆ. ಒಂದು ಕಣ್ಣಿಗೆ ಹಾಲಿನ ಟಿ.ವಿ., ಇನ್ನೊಂದಕ್ಕೆ ಎಣ್ಣೆ ಬಾಣಲೆಯ ಮುಂದಿನ ಜೊಹ್ರಾ.

"ಪ್ರೇಕ್ಷಕ ಮಹಾಶಯರೇ, ಅಂಕಣದಲ್ಲಿ ಧೂಳೆಬ್ಬಿಸುತ್ತ ಬರುತ್ತಿದ್ದಾನೆ ನೋಡಿ ಕೈರೋದ ಹುಲಿ" ಎಂದು ಆರಂಭಿಸಿದೆ. ಧೂಳಿರಲಿಲ್ಲ, ಹಸಿರು ಹುಲ್ಲಿತ್ತು. ಆದರೆ ಧೂಳಿಲ್ಲದೆ ನನಗೆ ಮಾತು ಏಳುವುದಿಲ್ಲ.

ತೊಡಕು ಅಲ್ಲೇ ಶುರುವಾಯಿತು. ಊರಿನಲ್ಲಿ ಪಂದ್ಯ ಸಪ್ಪಗಿದ್ದಾಗ ದನಿ ಏರಿಸುವುದೇ ನನ್ನ ಕಸುಬು. ಜನ ಎದ್ದು ಹೋಗಬಾರದಲ್ಲ. ಚೆಂಡು ಬರೀ ಪಕ್ಕದ ಗೆರೆ ದಾಟಿ ಹೊರಗೆ ಹೋದದ್ದಕ್ಕೆ ನಾನು ಗುಡುಗಿದೆ. ಜೊಹ್ರಾಳ ಕೈಯಿಂದ ಸೌಟು ಬಿತ್ತು. ಗೋಲಾಗಿಲ್ಲ ಎಂದು ಅಮೀರಾ ಓಡಿ ಬಂದು ಸಮಾಧಾನ ಮಾಡಿದಳು. ಸ್ವಲ್ಪ ಹೊತ್ತಿಗೆ ಆಟ ಮತ್ತೆ ಸಪ್ಪಗಾಯಿತು. ಇಂಥ ವೇಳೆ ಊರಿನಲ್ಲಿ ಪ್ರಕಟಣೆ ಹೇಳುವ ರೂಢಿ. ಬಾಯಿ ತಾನಾಗಿಯೇ ಹೊರಳಿತು. ದಾರಿಗೆ ಅಡ್ಡ ನಿಲ್ಲಿಸಿದ ಟ್ರ್ಯಾಕ್ಟರನ್ನು ಮಾಲಕರು ಕೂಡಲೇ ತೆಗೆಯಬೇಕೆಂದು ಕೊಲಿಂಡೇಲ್‌ನ ನಾಲ್ಕನೆಯ ಮಹಡಿಯಲ್ಲಿ ನಿಂತು ವಿನಂತಿಸಿಕೊಂಡೆ. ಶೋಭಾ ನಕ್ಕು ನಕ್ಕು ಸೋಫಾದ ಮೇಲೆ ಒರಗಿದಳು. ಏನಾಯಿತು ಎಂದು ಜೊಹ್ರಾ ಕಣ್ಣರಳಿಸಿ ಕೇಳುತ್ತಿದ್ದಳು. ಟ್ರ್ಯಾಕ್ಟರಿನ ಸಂಗತಿಯನ್ನು ಅರಬ್ಬಿಯಲ್ಲಿ ಹೇಳುವುದು ಅಮೀರಾಳಿಂದಾಗಲಿಲ್ಲ.

ಅಷ್ಟರಲ್ಲಿ ಚಾವಣಿ ನಡುಗಿತು. ಮೇಲಿನ ಮನೆಯಲ್ಲಿ ಹತ್ತಿಪ್ಪತ್ತು ಕಾಲುಗಳು ಒಟ್ಟಿಗೆ ಕುಣಿದ ಸದ್ದು, ಕೇಕೆ, ಸೀಟಿ. ಯಾರದೋ ಹುಟ್ಟುಹಬ್ಬವಿರಬೇಕು ಎಂದುಕೊಂಡು ನಾನು ವಲೀದನ ತಂಡದ ರಕ್ಷಣೆಯನ್ನು ಕೋಟೆಗೆ ಹೋಲಿಸಿ ಹೊಗಳುತ್ತಿದ್ದೆ. ಇನ್ನೂ ಕೋಟೆಯ ಬಾಗಿಲಿನ ವರ್ಣನೆಯಲ್ಲಿದ್ದಾಗ ಟಿ.ವಿ.ಯಲ್ಲಿ ಕೈರೋದವನು ಬಂದು ಗೋಲು ಹೊಡೆದ.

ಮೇಲಿನ ಮನೆಯಲ್ಲಿರುವವರು ಈಜಿಪ್ಟಿನ ತರುಣರು, ಕೈರೋ ಕ್ಲಬ್ಬಿನ ಭಕ್ತರು ಎಂದು ಅಮೀರಾ ಆಗ ಹೇಳಿದಳು. ಅವರದು ಬಾಲ್ಕನಿಯಲ್ಲಿ ಕದ್ದು ಹಾಕಿಸಿದ ಡಿಶ್ಶು. ಇವಳದು ಇಂಟರ್‌ನೆಟ್ಟಿನ ಆಟ. ಅವರ ಮನೆಗೆ ಬಂದ ಚೆಂಡು ಇವಳ ಮನೆಗೆ ಬರಲು ಅರ್ಧ ನಿಮಿಷ ಹಿಡಿಯುತ್ತದೆ. ನಮ್ಮಲ್ಲೂ ಇದು ಹೊಸತಲ್ಲ. ಕೆಂಟನ್ನಿನಲ್ಲಿ ಕ್ರಿಕೆಟ್ ನೋಡುವಾಗ ಊರಿನ ಫೋನು ಎತ್ತಬಾರದೆಂದು ಪ್ರಕಾಶ ಕಟ್ಟಪ್ಪಣೆ ಮಾಡಿದ್ದಾನೆ. ಇಲ್ಲಿ ಬೌಲರ್ ಓಡಿ ಬರುವಷ್ಟರಲ್ಲಿ ಅಲ್ಲಿಂದ ವಿಕೆಟ್ ಬಿದ್ದ ಸುದ್ದಿ ಬರುತ್ತದೆ. ಜೊಹ್ರಾ ಇದನ್ನೆಲ್ಲ ಮಗಳಿಂದ ಎರಡೆರಡು ಸಲ ಕೇಳಿ ತಿಳಿದುಕೊಂಡಳು. ಊರಿನ ಗದ್ದಲ ತಪ್ಪಿಸಲು ಬಂದು ಎದುರಾಳಿಗಳ ಕಾಲ ಕೆಳಗೇ ಕೂತಿದ್ದಳು ಪಾಪ, ಬಾಣಲೆಯಿಂದ ಬೆಂಕಿಗೆ ಬಿದ್ದ ಹಾಗೆ.

ಅಲ್ಲಿಂದ ನನ್ನ ಕಿಮ್ಮತ್ತು ಇಳಿಯಿತು. ಆಕೆ ನನ್ನ ಮಾತಿಗೆ ತಲೆಯಾಡಿಸುವುದು ಬಿಟ್ಟು ಚಾವಣಿಯತ್ತ ಕಿವಿ ಇಟ್ಟಳು. ಎರಡನೆಯ ಅರ್ಧದಲ್ಲಿ ವಲೀದನ ಕಡೆಯವರು ಗೋಲು ಹೊಡೆದಾಗ ನಾನು ಜೀವ ಬಿಟ್ಟು ಕೂಗಿದೆ. ಆಕೆ ನಂಬಲಿಲ್ಲ. ಇಷ್ಟು ಹೊತ್ತೂ ಹೀಗೇ ಕೂಗಿದ್ದೆನಲ್ಲ. ಮಗಳು ಬಂದು ತಬ್ಬಿಕೊಂಡ ಮೇಲೆಯೇ ನಕ್ಕಿದ್ದು. ಜೀವಮಾನವೆಲ್ಲ ಮೈಕು ಹಿಡಿದವನು ಒಂದು ಸಿಮೆಂಟಿನ ಚಾವಣಿಯೆದುರು ಸೋತೆ. ಕುಣಿಯಲಾರದವಳಿಗೆ ನೆಲ ಡೊಂಕು ಎನ್ನುತ್ತಾರೆ, ನನಗೆ ಮೇಲ್ಮಾಳಿಗೆಯೇ ಡೊಂಕಾಗಿತ್ತು.

ಪೆನಾಲ್ಟಿ

ಆಟ ಸಮವಾಗಿಯೇ ಮುಗಿಯಿತು. ಹೆಚ್ಚಿನ ವೇಳೆಯಲ್ಲೂ ಏನೂ ಆಗಲಿಲ್ಲ. ಹೊರಗೆ ಇನ್ನೂ ಬೆಳಕಿತ್ತು. ಈ ಊರಿನಲ್ಲಿ ಬೇಸಿಗೆಯ ಸೂರ್ಯನಿಗೆ ಮನೆಗೆ ಹೋಗುವ ಅವಸರವಿಲ್ಲ. ಇನ್ನು ಪೆನಾಲ್ಟಿ, ಅಂದರೆ ವಲೀದನೊಬ್ಬನ ತಲೆಯ ಮೇಲೆ ಎಲ್ಲ ಭಾರ. ಅಮೀರಾ ತಾಳಲಾರದೆ ಬಾಲ್ಕನಿಗೆ ಹೋಗಿ ಬೆನ್ನು ತಿರುಗಿಸಿ ನಿಂತಳು. ನಾನು ಜೊಹ್ರಾಳ ಮುಖ ನೋಡಿದೆ. ಇದೇ ಕೊನೆಯ ಅವಕಾಶ. ಮಗ ಕೇಳಿಕೊಂಡದ್ದನ್ನು ನಡೆಸಿಕೊಡಲು ಆಕೆಗೆ ಇನ್ನೊಂದು ಆಟ ಸಿಗುವುದಿಲ್ಲ. ನಾನು ಕಾಮೆಂಟರಿ ನಿಲ್ಲಿಸಿದೆ. ಯಾರೂ ಹೇಳದೆ ನಾನಾಗಿಯೇ ನಿಲ್ಲಿಸಿದ್ದು ಅದೇ ಮೊದಲಿರಬೇಕು.

ಇಬ್ಬರೂ ಚಾವಣಿ ನೋಡುತ್ತ ನಿಂತೆವು. ಕೈರೋದವರು ಹಾಕಿದಾಗಲೆಲ್ಲ ಮೇಲೆ ಧಡಧಡ ಕುಣಿತ. ನಮ್ಮವರು ಹಾಕಿದಾಗ ಗೊಣಗಾಟ. ಒಂದಾದ ಮೇಲೊಂದು ಎಲ್ಲ ಒಳಗೆ ಹೋದವು. ನಮ್ಮವರು ಐದನ್ನೂ ಹಾಕಿ ಮುಗಿಸಿದರು. ಕೈರೋದವರಿಗೆ ಒಂದು ಉಳಿದಿತ್ತು. ಅದು ಒಳಗೆ ಹೋದರೆ ಸಮ, ಮತ್ತೆ ಮುಂದುವರಿಯಬೇಕು. ವಲೀದ ತಡೆದರೆ ಕಪ್ಪು ಅವನದು.

ಟಿ.ವಿ.ಯಲ್ಲಿ ಕೈರೋದ ಆಟಗಾರ ಇನ್ನೂ ಮೈದಾನದ ನಡುವಿನಿಂದ ನಡೆದು ಬರುತ್ತಿದ್ದ. ಮೇಲೆ ಗಪ್‌ಚಿಪ್. ಆಮೇಲೆ ಒಂದು ಉದ್ದನೆಯ ನರಳಾಟ ಕೇಳಿತು, ಹತ್ತಾರು ಗಂಟಲುಗಳಿಂದ ಒಟ್ಟಿಗೆ. ಯಾರೋ ಕುರ್ಚಿ ಒದ್ದ ಸದ್ದು. ಬಾಗಿಲು ಬಡಿದ ಸದ್ದು. ಆಮೇಲೆ ಏನೂ ಇಲ್ಲ.

ಜೊಹ್ರಾ ನನ್ನನ್ನು ನೋಡಿದಳು. ನಾನು ಆಕೆಯನ್ನು ನೋಡಿದೆ. ಹಾಲಿನಲ್ಲಿದ್ದವರಿಗೆ ಟಿ.ವಿ.ಯ ಗದ್ದಲದಲ್ಲಿ ಏನೂ ಕೇಳಿರಲಿಲ್ಲ; ಆ ಮನೆಯಲ್ಲಿ ಇಬ್ಬರಿಗೆ ಮಾತ್ರ ಗೊತ್ತು. ಆಕೆ ಒಲೆ ಆರಿಸಿ, ತಲೆವಸ್ತ್ರ ಸರಿಮಾಡಿಕೊಂಡು, ನನ್ನನ್ನು ಸರಿಸಿ ಹಾಲಿಗೆ ನಡೆದಳು. ಟಿ.ವಿ.ಯ ಮುಂದೆ ನೆಟ್ಟಗೆ ನಿಂತಳು. ಅಲ್ಲಿ ಚೆಂಡನ್ನು ಆಗಷ್ಟೇ ನೆಲದ ಮೇಲೆ ಇಡುತ್ತಿದ್ದರು. ಬಾಲ್ಕನಿಯಿಂದ ತಿರುಗಿ ನೋಡಿದ ಅಮೀರಾ ಹೌಹಾರಿ ಓಡಿ ಬಂದು ತಾಯಿಯ ಕಣ್ಣಿಗೆ ಅಂಗೈ ಅಡ್ಡ ಹಿಡಿದಳು. ಜೊಹ್ರಾ ಆ ಕೈಯನ್ನು ಮೆಲ್ಲಗೆ ಕೆಳಗಿಳಿಸಿ ಏನೋ ಅಂದಳು. ಆ ಮಾತನ್ನು ಅಮೀರಾ ಆಮೇಲೆ ನಮಗೆ ಹೇಳಿದಳು: "ಆಗುವುದು ಆಗಿಹೋಗಿದೆ. ಇನ್ನು ನನ್ನ ಕಣ್ಣು ಅವನಿಗೆ ತಾಗುವುದಿಲ್ಲ."

ಶೋಭಾ ಸೋಫಾದ ತುದಿಗೆ ಸರಿದಿದ್ದಳು. ಪ್ರಕಾಶ ದಿಂಬನ್ನು ಅಪ್ಪಿಕೊಂಡಿದ್ದ. ಫಲಿತಾಂಶ ನನ್ನ ನಾಲಿಗೆಯ ತುದಿಯಲ್ಲಿ ಕುಣಿಯುತ್ತಿತ್ತು. ಎಲ್ಲರಿಗಿಂತ ಮೊದಲು ಗೊತ್ತಾಗಬೇಕೆಂದು ಆಸೆಪಡದ ಕಾಮೆಂಟೇಟರಿಲ್ಲ. ನನಗೆ ಗೊತ್ತಾಗಿತ್ತು, ನಾನು ಹಲ್ಲು ಕಚ್ಚಿ ಸುಮ್ಮನಿದ್ದೆ. ಅದು ಆಕೆಯ ಅರ್ಧ ನಿಮಿಷವಾಗಿತ್ತು. ಆಕೆ ಚೆಂಡನ್ನು ನೋಡುತ್ತಲೇ ಇರಲಿಲ್ಲ. ಎರಡೂ ತೋಳು ಚಾಚಿ ನಿಂತ, ಗಡ್ಡ ಅರೆನರೆತ ಮಗನನ್ನು ಸಾವಕಾಶವಾಗಿ, ಮುಡಿಯಿಂದ ಅಡಿಯವರೆಗೆ ನೋಡುತ್ತಿದ್ದಳು. ಇಷ್ಟು ವರ್ಷದ ಬಾಕಿಯನ್ನೆಲ್ಲ ನೋಡುತ್ತಿದ್ದಳು. ನನ್ನ ಕಣ್ಣಲ್ಲಿ ನೀರು ಬಂತು, ಹೇಳಲು ಸಂಕೋಚವೇನಿಲ್ಲ.

ಅವನು ಹಾರಿ ತಡೆದ. ಮನೆ ಸಿಡಿದುಹೋಯಿತು. ನಾನು ಅದುಮಿಟ್ಟುಕೊಂಡಿದ್ದನ್ನೆಲ್ಲ ಒಮ್ಮೆಲೇ ಬಿಟ್ಟೆ. ಬೈಲಹೊಂಗಲಕ್ಕೆ ಫೋನಿಲ್ಲದೆ ಕೇಳಿರಬೇಕು. ಸ್ವಲ್ಪ ಹೊತ್ತಿಗೆ ಯಾರೋ ಬಾಗಿಲು ತಟ್ಟಿದರು. ಕ್ಷೇಮ ಕೇಳುವವರೇ ಎಂದು ಹೆದರಿದೆ. ಮೇಲಿನ ಮನೆಯ ಈಜಿಪ್ಟಿನ ತರುಣರು, ಮುಖ ಬಾಡಿಸಿಕೊಂಡು, ಗೋಲ್‌ಕೀಪರನ ತಾಯಿಗೆ ಅಭಿನಂದನೆ ಹೇಳಲು ಬಂದಿದ್ದರು. ಜೊಹ್ರಾ ಅವರಿಗೆ ಬಿಸಿ ತಿಂಡಿ ಬಡಿಸಿದಳು. ಒಬ್ಬೊಬ್ಬನ ತಲೆ ಸವರಿದಳು. ಅವಳಿಗೆ ಅವರ ಋಣವಿತ್ತು. ಅದೇನೆಂದು ಅವರಿಗೆ ಗೊತ್ತಿರಲಿಲ್ಲ.

ಬಹಳ ಹೊತ್ತಿನ ಮೇಲೆ ವಲೀದನ ಫೋನು ಬಂತು. ಅಮೀರಾ ಸ್ಪೀಕರ್ ಹಾಕಿ, ನಮಗೆ ಮೆಲ್ಲನೆ ಅರ್ಥ ಹೇಳುತ್ತ ಹೋದಳು. ನೋಡಿದೆಯಾ ಅಮ್ಮ ಎಂದು ಅವನು ಕೇಳಿದ. ನೋಡಿದೆ ಅಂದಳು. ಅವನು ನಂಬಲಿಲ್ಲ. ನನ್ನನ್ನು ಸಂತೋಷಪಡಿಸಲು ಹೇಳುತ್ತಿದ್ದೀ, ನೋಡಿದ್ದರೆ ಹೇಗೆ ತಡೆದೆ ಹೇಳು ಅಂದ.

"ಬಲಕ್ಕೆ ಹೋಗುವವನ ಹಾಗೆ ಹೆಜ್ಜೆ ಇಟ್ಟೆ, ಎಡಕ್ಕೆ ಹಾರಿದೆ" ಅಂದಳು ಜೊಹ್ರಾ. "ಚಿಕ್ಕವನಿದ್ದಾಗ ಸ್ನಾನಕ್ಕೆ ಹಿಡಿಯಲು ಬಂದರೆ ನನಗೂ ಹೀಗೇ ಮಾಡುತ್ತಿದ್ದೆ."

ಆ ಕಡೆಯಿಂದ ಅಷ್ಟು ದೊಡ್ಡ ಗಂಡಸು ಸ್ಟೇಡಿಯಮ್ಮಿನ ಗದ್ದಲದ ನಡುವೆ ಅಳುವುದು ಕೇಳಿಸಿತು. ಅದಕ್ಕೆ ಅಮೀರಾ ಅರ್ಥ ಹೇಳಲಿಲ್ಲ.